ವೇಷ ಹಾಕುವ ಜೀವಿ: ನಿಮ್ಮ ಕಥೆಗೆ ಯಾವ ಬಗೆಯದು ಹೊಂದುತ್ತದೆ?

ಕಥೆ ಬರೆಯಲು ಕೂತವರಿಗೆ, ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಮಾಡುವವರಿಗೆ, ಗೆಳೆಯರನ್ನು ಕೂರಿಸಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ, ಪಾತ್ರ ವಹಿಸಿ ಕಥೆ ಕಟ್ಟುತ್ತ ಆಡುವ ಆಟ ನಡೆಸುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಬರುತ್ತದೆ. ಬೇರೆ ಜೀವಿಯನ್ನು ಅನುಕರಿಸುವ ಒಂದು ಪ್ರಾಣಿ ಬೇಕು. ಮನುಷ್ಯರ ದನಿಯಲ್ಲಿ ಕೂಗಬೇಕು, ಇಲ್ಲವೇ ಜಿಂಕೆಯಾಗಿ ಓಡಬೇಕು, ಇಲ್ಲವೇ ಹೋದ ವರ್ಷ ತೀರಿಕೊಂಡ ಅಜ್ಜಿಯಾಗಿ ಬಂದು ಬಾಗಿಲಲ್ಲಿ ನಿಲ್ಲಬೇಕು. ಆಮೇಲೆ ಹೆಚ್ಚಿನವರು ಬರೆಯುವುದು ಒಂದೇ: "ಇದು ಯಾರ ರೂಪವನ್ನಾದರೂ ತಾಳಬಲ್ಲದು, ಯಾರಿಗೂ ಗೊತ್ತಾಗುವುದಿಲ್ಲ." ಅಲ್ಲಿಗೆ ಕಥೆ ಅರ್ಧ ಸತ್ತಿತು. ಯಾರಿಗೂ ಗೊತ್ತಾಗದಿದ್ದರೆ ಓದುವವರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲವಲ್ಲ!

ಹಳೆಯ ಕಥೆಗಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಕಟ್ಟಿದ ಪ್ರತಿಯೊಂದು ಮಾಯಾಜೀವಿಗೂ ಒಂದು ಐಬು ಇದೆ. ಬಾಲ ಮುಚ್ಚಲು ಬರುವುದಿಲ್ಲ, ವಾಸನೆ ಬಚ್ಚಿಡಲು ಬರುವುದಿಲ್ಲ, ಲೆಕ್ಕ ತಿಳಿಯುವುದಿಲ್ಲ. ಕಥೆ ಹುಟ್ಟುವುದು ಆ ಐಬಿನಿಂದ. ಅದಕ್ಕೇ ಇಲ್ಲಿ ಹೋಲಿಸುವಾಗ ಯಾವ ಜೀವಿಯ ಶಕ್ತಿ ದೊಡ್ಡದು ಅಂತ ನೋಡಿಲ್ಲ. ಅದು ಏನನ್ನು ಕದಿಯುತ್ತದೆ, ಯಾರಿಗೆ ಮೋಸ ಮಾಡಬೇಕು, ಎಲ್ಲಿ ಸಿಕ್ಕಿಬೀಳುತ್ತದೆ, ಇಷ್ಟನ್ನೇ ನೋಡಿದ್ದೇನೆ.

ದನಿ ಕದಿಯುವವು

ಖರ್ಚು ಕಡಿಮೆ, ಹೆದರಿಕೆ ಜಾಸ್ತಿ. ಮೊದಲ ಸಲ ಈ ಬಗೆಯ ಕಥೆ ಬರೆಯುತ್ತಿದ್ದರೆ ಇಲ್ಲಿಂದಲೇ ಶುರು ಮಾಡಿ. ಕಿರುಚಿತ್ರವಾದರೆ ಗ್ರಾಫಿಕ್ಸ್ ಬೇಡ, ಮೇಕಪ್ ಬೇಡ. ಒಂದು ಮುಚ್ಚಿದ ಬಾಗಿಲು, ಆಚೆಯಿಂದ ಒಂದು ಪರಿಚಯದ ದನಿ, ಸಾಕು.

ಬೆಂಗಳೂರಿನವರಿಗೆ 'ನಾಳೆ ಬಾ' ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. 1990ರ ದಶಕದಲ್ಲಿ ಹಬ್ಬಿದ ಸುದ್ದಿ ಅದು. ರಾತ್ರಿ ದೆವ್ವವೊಂದು ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ತೆರೆದವರ ಕಥೆ ಮುಗಿಯಿತು. ಜನ ಬಾಗಿಲ ಮೇಲೆ, ಗೋಡೆಯ ಮೇಲೆ 'ನಾಳೆ ಬಾ' ಎಂದು ಬರೆದರು. ದೆವ್ವ ಬರುತ್ತದೆ, ಓದುತ್ತದೆ, ಹೋಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದಿ ಹೋಗುತ್ತದೆ. ಓದು ಬರುತ್ತದೆ, ಕ್ಯಾಲೆಂಡರ್ ಬರುವುದಿಲ್ಲ! ದನಿಯಲ್ಲಿ ಕಿಂಚಿತ್ತೂ ತಪ್ಪಿಲ್ಲದ ಜೀವಿಗೆ ತಲೆಯಲ್ಲಿ ಇಷ್ಟು ದೊಡ್ಡ ತೂತು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಅವರು ಒಳ್ಳೆಯ ಕಥೆಗಾರರು. ಹೆದರಿಕೆ ಮತ್ತು ನಗು ಎರಡನ್ನೂ ಒಂದೇ ಸಾಲಿನಲ್ಲಿ ಕೊಟ್ಟಿದ್ದಾರೆ.

ಇದಕ್ಕಿಂತ ಹಳೆಯದು ಬೇಕಾದರೆ ರೋಮ್‌ಗೆ ಹೋಗಿ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಕತ್ತೆಕಿರುಬದ ಬಗ್ಗೆ ಆ ಕಾಲದವರು ನಂಬಿದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಅದು ಕುರುಬರ ಹಟ್ಟಿಯ ಹತ್ತಿರ ಬಂದು ಮನುಷ್ಯರ ಮಾತನ್ನು ಅನುಕರಿಸುತ್ತದಂತೆ. ಅಲ್ಲಿರುವ ಒಬ್ಬನ ಹೆಸರನ್ನು ಕಲಿತುಕೊಳ್ಳುತ್ತದೆ. ಆಮೇಲೆ ಆ ಹೆಸರು ಹಿಡಿದು ಹೊರಗೆ ಕರೆದು ಸೀಳಿಹಾಕುತ್ತದೆ. ನಾಯಿ ಬೇಕೆನಿಸಿದರೆ ಮನುಷ್ಯ ವಾಂತಿ ಮಾಡುವ ಸದ್ದು ಮಾಡುತ್ತದೆ, ನಾಯಿ ಓಡಿ ಬರುತ್ತದೆ. ಎಷ್ಟು ಹೇಸಿಗೆ, ಎಷ್ಟು ಸರಿಯಾದ ವಿವರ ನೋಡಿ! ನಾಯಿ ಸಾಕಿದವರಿಗೆ ಗೊತ್ತು. ಇದೇ ಪ್ಲಿನಿ, ಕತ್ತೆಕಿರುಬ ಮತ್ತು ಸಿಂಹಿಣಿಗೆ ಹುಟ್ಟುವ 'ಕೊರೊಕೊಟ್ಟಾ' ಎಂಬ ಇನ್ನೊಂದು ಪ್ರಾಣಿಯನ್ನೂ ಹೇಳುತ್ತಾನೆ. ಅದು ಮನುಷ್ಯರ ದನಿಯ ಜೊತೆ ದನಗಳ ದನಿಯನ್ನೂ ತೆಗೆಯುತ್ತದೆ.

ಪ್ಲಿನಿಯ ಪ್ರಾಣಿಯಲ್ಲಿ ಒಂದು ಸೊಗಸಾದ ಎಳೆ ಸಿಗುತ್ತದೆ. ಅದು ಹೆಸರನ್ನು ಕೇಳಿ ಕಲಿಯುತ್ತದೆ. ಅಂದರೆ ಹಟ್ಟಿಯ ಹೊರಗೆ ಯಾವ ಹೆಸರನ್ನು ಕೂಗುತ್ತಾರೋ ಅದಷ್ಟೇ ಅದಕ್ಕೆ ಗೊತ್ತು. ಒಳಗೆ ಪಿಸುಗುಟ್ಟುವ ಹೆಸರು ಅದಕ್ಕೆ ಸಿಗುವುದಿಲ್ಲ. ಇದನ್ನು ಕನ್ನಡದ ಮನೆಯೊಳಕ್ಕೆ ತಂದು ನೋಡಿ, ಕಥೆ ತಾನಾಗಿ ಓಡುತ್ತದೆ. ಶಾಲೆಯ ಹಾಜರಿಯಲ್ಲಿ ಮಂಜುನಾಥ, ಬೀದಿಯಲ್ಲಿ ಮಂಜ, ಮನೆಯಲ್ಲಿ ಅಪ್ಪು. ರಾತ್ರಿ ಅಮ್ಮನ ದನಿಯಲ್ಲಿ "ಮಂಜುನಾಥಾ, ಬಾಗಿಲು ತೆಗಿ" ಎಂದು ಕೇಳಿದರೆ ಯಾವ ಹುಡುಗ ಎದ್ದು ಹೋಗುತ್ತಾನೆ? ಇನ್ನೂ ಚೆನ್ನಾಗಿರುವುದು ಹಳೆಯ ಕಾಲದ ಗಂಡ ಹೆಂಡತಿ. ಐವತ್ತು ವರ್ಷ ಗಂಡನ ಹೆಸರನ್ನು ಬಾಯಲ್ಲಿ ತೆಗೆಯದ ಅಜ್ಜಿ "ರೀ" ಅಂತಲೋ "ಏನೂಂದ್ರೆ" ಅಂತಲೋ ಕರೆದವಳು. ಅವಳ ದನಿಯಲ್ಲಿ ಹೊರಗಿನಿಂದ "ಶಂಕ್ರಪ್ಪಾ" ಎಂದು ಬಂದರೆ ಅಜ್ಜ ಹಾಸಿಗೆಯಿಂದ ಕದಲುವುದಿಲ್ಲ. ಧಾರವಾಡದ ಮನೆಯಲ್ಲಿ "ಬಾಗ್ಲಾ ತಗೀಪಾ" ಅನ್ನಬೇಕಾದಲ್ಲಿ ಪುಸ್ತಕದ ಕನ್ನಡ ಬಂದರೂ ಅಷ್ಟೇ. ನಮ್ಮ ಊರೂರಿನ ಮಾತಿನ ವ್ಯತ್ಯಾಸ ಈ ಬಗೆಯ ಕಥೆಗೆ ಪುಕ್ಕಟೆ ಸಿಗುವ ಬಂಡವಾಳ.

ನಿಜವಾದ ದನಿಗಳ್ಳರೂ ಇದ್ದಾರೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಭೀಮರಾಜ ಹಕ್ಕಿ ಬೇರೆ ಹಕ್ಕಿಗಳ ಕೂಗನ್ನು ಒಂದಾದ ಮೇಲೊಂದು ತೆಗೆಯುತ್ತದೆ. ಬಾಲದ ತುದಿಯಲ್ಲಿ ಎರಡು ಉದ್ದನೆಯ ತಂತಿ, ತಂತಿಯ ತುದಿಗೊಂದು ಪುಕ್ಕ, ಅದೇ ಹಕ್ಕಿ. ಅದರ ಆಫ್ರಿಕಾದ ನೆಂಟ ಇನ್ನೂ ಖದೀಮ. ಕಲಹರಿ ಮರುಭೂಮಿಯಲ್ಲಿ ಅದು ಮುಂಗುಸಿ ಜಾತಿಯ ಮೀರ್‌ಕ್ಯಾಟ್‌ಗಳ ಮತ್ತು ಹರಟೆಮಲ್ಲ ಜಾತಿಯ ಹಕ್ಕಿಗಳ ಅಪಾಯದ ಕೂಗನ್ನು ಸುಳ್ಳುಸುಳ್ಳೇ ಕೂಗುತ್ತದೆ. ಅವು ತಿನ್ನುತ್ತಿದ್ದ ಹುಳವನ್ನು ಬಿಟ್ಟು ಓಡುತ್ತವೆ, ಇದು ಇಳಿದು ಎತ್ತಿಕೊಂಡು ಹೋಗುತ್ತದೆ. ಒಂದೇ ಕೂಗನ್ನು ಮತ್ತೆ ಮತ್ತೆ ಕೇಳಿ ಅವು ನಂಬುವುದನ್ನು ಬಿಟ್ಟರೆ ಇದು ಕೂಗನ್ನು ಬದಲಿಸುತ್ತದೆ. ದಿನದ ಊಟದ ಹೆಚ್ಚುಕಡಿಮೆ ಕಾಲು ಭಾಗ ಇದಕ್ಕೆ ಹೀಗೆ ಕದ್ದೇ ಸಿಗುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇನ್ನೊಂದು ವಿಷಯ ಗಮನಿಸಿ. ಈ ಹಕ್ಕಿ ಎಷ್ಟೋ ಸಲ ನಿಜವಾದ ಅಪಾಯ ಬಂದಾಗಲೂ ಕೂಗುತ್ತದೆ. ಹಾಗಾಗಿ ಅದನ್ನು ಪೂರ್ತಿ ನಂಬದೆ ಇರಲೂ ಆಗುವುದಿಲ್ಲ. ನಿಮ್ಮ ಕಾಲ್ಪನಿಕ ಜೀವಿ ಹತ್ತು ಸಲಕ್ಕೆ ಆರು ಸಲ ನಿಜವನ್ನೇ ಹೇಳಿದರೆ ಊರಿನವರ ಪಾಡು ಏನಾಗಬಹುದು, ಯೋಚಿಸಿ.

ದನಿಗಳ್ಳ ಜೀವಿಗೆ ಒಂದು ಮಿತಿ ಇದೆ. ಕಥೆ ಉದ್ದವಾದಂತೆ ಬಿಸಿ ಆರುತ್ತದೆ. ಹತ್ತು ನಿಮಿಷದ ಆಡಿಯೋ ಕಥೆ, ಆರು ಪುಟದ ಸಣ್ಣ ಕಥೆ, ಅಷ್ಟಕ್ಕೆ ಹೇಳಿ ಮಾಡಿಸಿದ್ದು. ಕಾದಂಬರಿಗೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ರೂಪ ಕದಿಯುವವು

ಇಲ್ಲಿ ನಮಗೆ ಮಾರೀಚನಿಗಿಂತ ದೊಡ್ಡ ಗುರು ಇಲ್ಲ. ಚಿನ್ನದ ಜಿಂಕೆ ಅಂದ ತಕ್ಷಣ ನಮಗೆ ಕ್ಯಾಲೆಂಡರಿನ ಚಿತ್ರ ಕಣ್ಣಿಗೆ ಬರುತ್ತದೆ, ಸುಮ್ನೆ ದಾಟಿಬಿಡುತ್ತೇವೆ. ವಾಲ್ಮೀಕಿಯ ಅರಣ್ಯಕಾಂಡವನ್ನು ನಿಧಾನ ಓದಿದರೆ ಕಸುಬು ಗೊತ್ತಾಗುತ್ತದೆ.

ಜಿಂಕೆಯಾದ ಮಾರೀಚ ಆಶ್ರಮದ ಸುತ್ತ ಮೇಯುತ್ತಾನೆ. ಬೇರೆ ಜಿಂಕೆಗಳು ಹತ್ತಿರ ಬರುತ್ತವೆ, ಮೂಸುತ್ತವೆ, ದಿಕ್ಕಾಪಾಲಾಗಿ ಓಡುತ್ತವೆ. ಬಣ್ಣ ಸರಿ, ಕೊಂಬು ಸರಿ, ವಾಸನೆ ತಪ್ಪು. ಆಮೇಲಿನ ಸಾಲು ಇನ್ನೂ ಚೆಂದ. ಜಿಂಕೆಯ ಬೇಟೆಯೆಂದರೆ ಪ್ರಾಣ ಬಿಡುವ ರಾಕ್ಷಸ ಅವನು. ಮೈಗೆ ತಾಗುವಷ್ಟು ಹತ್ತಿರ ಬಂದ ಜಿಂಕೆಗಳನ್ನು ತಿನ್ನದೆ ಬಿಡುತ್ತಾನೆ, ಯಾಕೆಂದರೆ ತಿಂದರೆ ಗುಟ್ಟು ರಟ್ಟಾಗುತ್ತದೆ. ವೇಷದೊಳಗಿನ ಹಸಿವನ್ನು ಒಂದೇ ಸಾಲಿನಲ್ಲಿ ತೋರಿಸಿಬಿಟ್ಟಿದ್ದಾನೆ ಕವಿ. ಇದಕ್ಕೂ ಮೊದಲು ಇದೇ ಮಾರೀಚ ರಾವಣನ ಹತ್ತಿರ ಅಂಗಲಾಚಿದ್ದಾನೆ. ರಾಮನ ಬಾಣ ತಿಂದು ಹಿಂದೊಮ್ಮೆ ಸಮುದ್ರಕ್ಕೆ ಬಿದ್ದವನು. 'ರ' ಅಕ್ಷರದಿಂದ ಶುರುವಾಗುವ ರತ್ನ, ರಥ ಎಂಬ ಮಾತು ಕೇಳಿದರೂ ತನಗೆ ನಡುಕ ಅನ್ನುತ್ತಾನೆ. ಅಂಥವನು ಸಾಯುವ ಹೊತ್ತಿಗೆ ಯಾರ ದನಿಯಲ್ಲಿ ಕೂಗಬೇಕು? ರಾಮನ ದನಿಯಲ್ಲಿ. "ಹಾ ಸೀತೇ, ಹಾ ಲಕ್ಷ್ಮಣ."

ಐಬು ಎಲ್ಲಿದೆ ಅಂದರೆ, ಜಿಂಕೆ ಮಿತಿಮೀರಿ ಚೆನ್ನಾಗಿದೆ. ಲಕ್ಷ್ಮಣ ಅದನ್ನೇ ಹಿಡಿಯುತ್ತಾನೆ. ಇಂಥ ಜಿಂಕೆ ಲೋಕದಲ್ಲೇ ಇಲ್ಲ, ಇದು ಮಾರೀಚನೇ ಅನ್ನುತ್ತಾನೆ. ಅಂದರೆ ಗುಟ್ಟು ಮೊದಲೇ ಬಯಲಾಗಿದೆ, ಆದರೂ ಕಥೆ ನಿಲ್ಲುವುದಿಲ್ಲ. ನೋಡುವವರಿಗೆ ಆಸೆ ಇದ್ದರೆ ಗುರುತು ಕಣ್ಣೆದುರೇ ಇದ್ದರೂ ಸಾಲದು. ಈ ಬಗೆ ಆರಿಸಿಕೊಂಡರೆ ನಿಮ್ಮ ಕಥೆಯಲ್ಲಿ ಅನುಮಾನ ಪಡುವ ಒಬ್ಬ ಮತ್ತು ಆಸೆಪಡುವ ಒಬ್ಬರು ಇರಲೇಬೇಕು. ಒಬ್ಬರೇ ಇದ್ದರೆ ಕಥೆ ಕುಂಟುತ್ತದೆ.

ಜಪಾನಿನ ನರಿ, ಕಿತ್ಸುನೆ, ಇದರ ಪಕ್ಕದ ಬಗೆ. ಹೆಣ್ಣಿನ ರೂಪ ತಾಳುತ್ತದೆ, ಮದುವೆಯಾಗುತ್ತದೆ, ಮಕ್ಕಳನ್ನು ಹೆರುತ್ತದೆ. ಬಾಲ ಮಾತ್ರ ಕೈಕೊಡುತ್ತದೆ, ನಾಯಿಗಳಿಗಂತೂ ಮೊದಲೇ ಗೊತ್ತಾಗುತ್ತದೆ. ಸಾವಿರ ವರ್ಷಕ್ಕೂ ಹಳೆಯ ಒಂದು ಕಥೆಯಲ್ಲಿ ಮನೆಯ ನಾಯಿಮರಿ ಅಟ್ಟಿಸಿಕೊಂಡು ಬಂದಾಗ ಹೆಂಡತಿ ಹೆದರಿ ನರಿಯಾಗಿ ಬೇಲಿ ಹತ್ತುತ್ತಾಳೆ. ಗಂಡ ಬೆಚ್ಚಿ ಬೀಳುವುದಿಲ್ಲ. ನಮಗೊಂದು ಮಗು ಇದೆಯಲ್ಲ, ಬಂದು ಹೋಗುತ್ತಿರು ಅನ್ನುತ್ತಾನೆ. ಗುಟ್ಟು ರಟ್ಟಾದ ಮೇಲೂ ಸಂಬಂಧ ಉಳಿಯಬೇಕಾದ ಕಥೆಗೆ ಮಾರೀಚ ಬೇಡ, ಈ ನರಿ ಇರಲಿ.

ಕೇಡಿ ನರಿಯೂ ಇದೆ. ತಮಾಮೊ ನೊ ಮಾಯೆ ಎಂಬ ಸುಂದರಿ 12ನೇ ಶತಮಾನದ ತೊಬಾ ಚಕ್ರವರ್ತಿಯ ಅರಮನೆ ಸೇರಿದಳು, ರಾಜ ಕಾಯಿಲೆ ಬಿದ್ದ, ಜ್ಯೋತಿಷಿ ಅವಳನ್ನು ಒಂಬತ್ತು ಬಾಲದ ನರಿ ಎಂದು ಬಯಲು ಮಾಡಿದ ಎಂಬುದು ಐತಿಹ್ಯ. ಅದೇ ನರಿ ಅದಕ್ಕೂ ಮೊದಲು ಚೀನಾದಲ್ಲಿ, ನಮ್ಮ ಮಗಧದಲ್ಲಿ ರಾಜರ ಮಡದಿಯಾಗಿತ್ತು ಎಂದೂ ಹೇಳುತ್ತಾರೆ. ಕೊಂದ ಮೇಲೆ ಅದು ಕಲ್ಲಾಯಿತಂತೆ. ತೊಚಿಗಿ ಪ್ರಾಂತದ ನಾಸುವಿನಲ್ಲಿ ಆ ಕಲ್ಲನ್ನು ಈಗಲೂ ತೋರಿಸುತ್ತಾರೆ. 2022ರ ಮಾರ್ಚ್‌ನಲ್ಲಿ ಅದು ಎರಡು ಹೋಳಾಗಿ ಬಿದ್ದಿದ್ದು ಕಂಡು ನರಿ ತಪ್ಪಿಸಿಕೊಂಡಿತು ಎಂದು ಜನ ತಮಾಷೆಯಾಗಿಯೂ ಹೆದರಿಯೂ ಮಾತಾಡಿಕೊಂಡರು. ಎರಡನೆಯ ಭಾಗ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಿಕ್ಕಿಲ್ಲ.

ರಂಗದ ಮೇಲೆ ತರುವವರಿಗೆ ಒಂದು ಮಾತು. ರೂಪ ಬದಲಾಗುವುದನ್ನು ತೋರಿಸಲು ಹೊಗೆ, ಲೈಟು ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಕ್ಷಗಾನದ ಪಂಚವಟಿ ಪ್ರಸಂಗ ನೋಡಿ. ಘೋರ ಶೂರ್ಪನಖಿ ಬಣ್ಣದ ವೇಷ, ದೊಡ್ಡ ಕಿರೀಟ, ಆರ್ಭಟ. ಆಮೇಲೆ ಬರುವ ಮಾಯಾ ಶೂರ್ಪನಖಿ ಸ್ತ್ರೀವೇಷ, ಅದನ್ನು ಮಾಡುವ ಕಲಾವಿದರೇ ಬೇರೆ. ಒಂದೇ ಪಾತ್ರಕ್ಕೆ ಇಬ್ಬರು. ನೋಡುವವರಿಗೆ ಯಾವ ಗೊಂದಲವೂ ಇಲ್ಲ. ನಾಜೂಕಾಗಿ ಮಾತಾಡುತ್ತಿರುವ ಈ ಹೆಣ್ಣಿನ ಒಳಗೆ ಆಗ ನೋಡಿದ ಆ ಬಣ್ಣ ಇದೆ ಅನ್ನುವುದು ಸಭೆಗೆ ಗೊತ್ತು, ರಾಮಲಕ್ಷ್ಮಣರ ಜೊತೆ ಆಕೆ ಆಡುವ ಪ್ರತಿಯೊಂದು ಮಾತಿಗೂ ಅದೇ ರುಚಿ ಕೊಡುತ್ತದೆ. ಮೊದಲು ನಿಜರೂಪ ತೋರಿಸಿ ಆಮೇಲೆ ವೇಷ ತೋರಿಸುವುದು, ಇಲ್ಲವೇ ವೇಷ ತೋರಿಸಿ ಕೊನೆಗೆ ನಿಜರೂಪ ತೋರಿಸುವುದು, ಇವೆರಡರಲ್ಲಿ ನನ್ನ ಓಟು ಮೊದಲನೆಯದಕ್ಕೆ. ಕೊನೆಯಲ್ಲಿ ಬೆಚ್ಚಿ ಬೀಳಿಸುವುದು ಒಂದೇ ಸಲ ಕೆಲಸ ಮಾಡುತ್ತದೆ.

ಜಾಗ ಕದಿಯುವವು

ಇದು ಎಲ್ಲಕ್ಕಿಂತ ಕಷ್ಟದ ಬಗೆ, ಬಂದರೆ ಎಲ್ಲಕ್ಕಿಂತ ಆಳಕ್ಕೆ ಇಳಿಯುವ ಬಗೆಯೂ ಇದೇ. ಈ ಜೀವಿ ಒಂದು ರಾತ್ರಿಗೆ ವೇಷ ಹಾಕುವುದಿಲ್ಲ. ಮನೆಯೊಳಗೆ ಒಬ್ಬರ ಜಾಗದಲ್ಲಿ ಬಂದು ಕೂರುತ್ತದೆ.

ಐರ್ಲೆಂಡಿನಲ್ಲಿ ಇದು ಮಗುವಿನ ರೂಪದಲ್ಲಿ ಬರುತ್ತದೆ. ಯಕ್ಷಿಣಿಯಂಥವರು ತೊಟ್ಟಿಲಿನ ಮಗುವನ್ನು ಎತ್ತಿಕೊಂಡು ಹೋಗಿ ತಮ್ಮವರಲ್ಲೇ ಒಬ್ಬ ಮುದುಕನನ್ನು ಮಗುವಿನ ಹಾಗೆ ಮಲಗಿಸುತ್ತಾರೆ. ಅದನ್ನು ಹಿಡಿಯುವ ಉಪಾಯ ಮಜವಾಗಿದೆ. ತಾಯಿ ಅದರ ಎದುರಿಗೆ ಮೊಟ್ಟೆಯ ಚಿಪ್ಪಿನಲ್ಲಿ ಅಡುಗೆ ಮಾಡಲು ಕೂರುತ್ತಾಳೆ. ನೋಡಿ ನೋಡಿ ತಡೆಯಲಾಗದೆ ತೊಟ್ಟಿಲಿನಲ್ಲಿದ್ದದ್ದು, ಇಷ್ಟು ವಯಸ್ಸಾಯಿತು, ಇಂಥದ್ದನ್ನು ಎಲ್ಲೂ ಕಂಡಿಲ್ಲ ಎಂದು ಬಾಯಿ ಬಿಡುತ್ತದೆ. ಸಿಕ್ಕಿಬಿತ್ತು! ಮೈಯನ್ನು ಎಷ್ಟು ಎಳೆಯದು ಮಾಡಿಕೊಂಡರೂ ಅನುಭವ ಬಚ್ಚಿಡಲು ಬರಲಿಲ್ಲ.

ಆದರೆ ಈ ಬಗೆಯನ್ನು ಮುಟ್ಟುವ ಮೊದಲು ಒಂದು ನಿಜ ಘಟನೆ ತಿಳಿದಿರಲಿ. 1895ರಲ್ಲಿ ಐರ್ಲೆಂಡಿನ ಟಿಪರೇರಿ ಕೌಂಟಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಂಗಸು ಕಾಯಿಲೆ ಬಿದ್ದಳು. ಇವಳು ನನ್ನ ಹೆಂಡತಿಯಲ್ಲ, ಅವಳ ಜಾಗದಲ್ಲಿ ಬಂದ ಬೇರೆ ಏನೋ ಎಂದು ಗಂಡ ಮೈಕೆಲ್ ಅವಳನ್ನು ಸುಟ್ಟು ಕೊಂದ. ಅವನಿಗೆ ಜೈಲಾಯಿತು. ಹಾಗಾಗಿ 'ಇದು ನಮ್ಮ ಮಗು ಅಲ್ಲ', 'ಇವಳು ನಮ್ಮ ಸೊಸೆ ಅಲ್ಲ' ಎನ್ನುವ ಕಥೆ ಬರೆಯುವಾಗ ಕಾಯಿಲೆಯವರನ್ನು, ಅಂಗವಿಕಲ ಮಕ್ಕಳನ್ನು ದೆವ್ವ ಮಾಡಿಬಿಡುವ ಅಪಾಯ ಬೆನ್ನ ಹಿಂದೆಯೇ ಇರುತ್ತದೆ. ಅದನ್ನು ದಾಟುವ ಧೈರ್ಯ ಇಲ್ಲದಿದ್ದರೆ ಈ ಬಗೆ ಬಿಟ್ಟುಬಿಡಿ.

ನಮ್ಮ ಜನಪದದಲ್ಲಿ ಇದರ ತದ್ವಿರುದ್ಧ ಇದೆ. ಗಂಡ ಹೆಂಡತಿಯ ಕಡೆ ತಿರುಗಿಯೂ ನೋಡುವುದಿಲ್ಲ, ಮನೆಗೆ ಬೀಗ ಹಾಕಿ ಇನ್ನೊಬ್ಬಳ ಮನೆಗೆ ಹೋಗುತ್ತಾನೆ. ಗಂಡನನ್ನು ಒಲಿಸಿಕೊಳ್ಳಲು ಅವಳು ತೇಯ್ದ ಬೇರು ಹುತ್ತದ ಪಾಲಾಗುತ್ತದೆ. ಅದನ್ನು ಕುಡಿದ ನಾಗ ಅವಳ ಮೇಲೆ ಮನಸ್ಸಾಗಿ ರಾತ್ರಿ ಹೊತ್ತು ಗಂಡನ ರೂಪದಲ್ಲಿ ಬರುತ್ತಾನೆ. ನಾಟಕವಾಗಿ, ಸಿನಿಮಾ ಆಗಿ ಇದು ನಮಗೆಲ್ಲ ಗೊತ್ತಿರುವ ಕಥೆ. ಇಲ್ಲಿ ನಕಲಿ ಸಿಕ್ಕಿಬೀಳಬೇಕಾದ ಜಾಗ ಯಾವುದು ಹೇಳಿ? ಅವನು ಪ್ರೀತಿಯಿಂದ ಮಾತಾಡುತ್ತಾನೆ. ಅಸಲಿ ಗಂಡ ಹಗಲು ಬಂದು ಬೈದು ಹೋಗುತ್ತಾನೆ, ನಕಲಿ ಗಂಡ ರಾತ್ರಿ ಬಂದು ಹೇಗಿದ್ದೀಯ ಅನ್ನುತ್ತಾನೆ. ಅವಳಿಗೆ ಅನುಮಾನ ಬರಲಿಲ್ಲವೇ, ಬಂದರೂ ಬೇಡವೆಂದು ಬಿಟ್ಟಳೇ? ಆ ಪ್ರಶ್ನೆಯನ್ನು ಕಥೆ ತೆರೆದಿಟ್ಟಿದೆ. ಇಡೀ ಪಟ್ಟಿಯಲ್ಲಿ ಒಂದನ್ನೇ ಆರಿಸು ಅಂದರೆ ನಾನು ಆರಿಸುವುದು ಈ ನಾಗನನ್ನು. ಹೆದರಿಸುವ ಅನುಕರಣೆ ಬೇಕಾದಷ್ಟಿವೆ. ಅಸಲಿಗಿಂತ ನಕಲೇ ಚೆನ್ನಾಗಿರುವ ಕಥೆ ಅಪರೂಪ.

ಪಕ್ಷಿಗಳಲ್ಲಿ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವುದು ಎಲ್ಲರಿಗೂ ಗೊತ್ತು. ಅದನ್ನೇ ಕಥೆ ಮಾಡಿದವರು ತುಂಬಾ ಜನ. ಹೊಸದಾಗಿ ಏನೂ ಉಳಿದಿಲ್ಲ ಅನ್ನಿಸುತ್ತದೆ.

ಸ್ವಂತ ಜೀವಿ ಕಟ್ಟುವವರು ಕೈತೋಟ ನೋಡಿ

ಪುರಾಣ, ಜನಪದ ಬೇಡ, ನನ್ನದೇ ಜೀವಿ ಬೇಕು ಅನ್ನುವವರಿಗೆ ಪ್ರಕೃತಿಯಲ್ಲಿ ಮೂರು ಒಳ್ಳೆಯ ಮಾದರಿಗಳಿವೆ. ಮೂರೂ ಬೇರೆ ಬೇರೆ ಕಥೆಗೆ.

ಮೊದಲನೆಯದು ಇರುವೆಯ ವೇಷದ ಜೇಡ. ಮಲೆನಾಡಿನವರಿಗೆ ಚಗಳಿ ಇರುವೆ ಗೊತ್ತು, ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ, ಚಟ್ನಿಯನ್ನೂ ಮಾಡುತ್ತಾರೆ. ಅದೇ ಗಿಡದಲ್ಲಿ ಅದೇ ಬಣ್ಣದ, ಅದೇ ಅಳತೆಯ, ಅದೇ ಥರ ಸರಸರ ಓಡಾಡುವ ಒಂದು ಜೇಡ ಇರುತ್ತದೆ. ಜೇಡಕ್ಕೆ ಮೈಯಲ್ಲಿ ಎರಡೇ ಭಾಗ, ಆದರೆ ನಡುವೆ ಸಣ್ಣಗಾಗಿ ಇರುವೆಯ ಹಾಗೆ ಮೂರು ಭಾಗ ಇದ್ದಂತೆ ಕಾಣುತ್ತದೆ. ಕಾಲು ಎಂಟು, ಇರುವೆಗೆ ಆರು. ಹಾಗಾಗಿ ಮುಂದಿನ ಎರಡು ಕಾಲನ್ನು ಎತ್ತಿ ಇರುವೆಯ ಮೀಸೆಯ ಹಾಗೆ ಆಡಿಸುತ್ತದೆ. ಗಂಡಿನ ದವಡೆಗಳಂತೂ ಎಷ್ಟು ಉದ್ದ ಅಂದರೆ ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೋಗುತ್ತಿರುವ ಹಾಗೆ ಕಾಣುತ್ತದೆ! ಎಲೆಯನ್ನು ಮೆಲ್ಲಗೆ ತಟ್ಟಿ ನೋಡಿ. ಇರುವೆಯಾದರೆ ಕಚ್ಚಲು ಬರುತ್ತದೆ. ಜೇಡವಾದರೆ ದಾರ ಬಿಟ್ಟುಕೊಂಡು ಕೆಳಗೆ ಜೋತು ಬೀಳುತ್ತದೆ. ಹೆದರಿದ ಗಳಿಗೆಯಲ್ಲಿ ಹುಟ್ಟುಗುಣ ಹೊರಬಂತು.

ಇದರಲ್ಲಿ ಇನ್ನೂ ಒಂದು ಸಂಗತಿ ಇದೆ. ಈ ಜೇಡ ಇರುವೆಗಳ ಹತ್ತಿರ ಹೋಗುವುದಿಲ್ಲ, ಎದುರಾದರೆ ದಾರಿ ತಪ್ಪಿಸುತ್ತದೆ. ಮುಟ್ಟಿ, ಮೂಸಿ ನೋಡಿದರೆ ಇರುವೆಗೆ ಗೊತ್ತಾಗುತ್ತದೆ, ಗೊತ್ತಾದರೆ ಉಳಿಗಾಲವಿಲ್ಲ. ಹಾಗಾದರೆ ವೇಷ ಯಾರಿಗಾಗಿ? ಇರುವೆ ಕಂಡರೆ ದೂರ ಹೋಗುವ ಹಕ್ಕಿ, ಕಣಜ, ಬೇರೆ ಜೇಡಗಳಿಗಾಗಿ. ಮನುಷ್ಯರ ವೇಷದಲ್ಲಿ ಮನುಷ್ಯರ ನಡುವೆ ಇರುವ ನಿಮ್ಮ ಜೀವಿಯೂ ಹಾಗೇ ಇರಬಹುದಲ್ಲ? ಅದು ನಮ್ಮನ್ನು ತಿನ್ನಲು ಬಂದದ್ದಲ್ಲ, ಬೇರೆ ಯಾವುದಕ್ಕೋ ಹೆದರಿ ನಮ್ಮ ವೇಷದಲ್ಲಿ ಅಡಗಿದೆ, ನಮ್ಮನ್ನು ಕಂಡರೂ ಅದಕ್ಕೆ ಭಯ. ನನಗೆ ತಿಳಿದಂತೆ ಕನ್ನಡದಲ್ಲಿ ಇದನ್ನು ಯಾರೂ ಸರಿಯಾಗಿ ಬರೆದಿಲ್ಲ.

ಎರಡನೆಯದು ಕಾಮನ್ ಮಾರ್ಮನ್ ಚಿಟ್ಟೆ. ನಿಮ್ಮ ಮನೆಯ ಕರಿಬೇವಿನ ಗಿಡದಲ್ಲಿ, ನಿಂಬೆ ಗಿಡದಲ್ಲಿ ಎಲೆ ತಿನ್ನುವ ಹಸಿರು ಹುಳ ಇದರದೇ ಇರಬಹುದು. ಗಂಡು ಒಂದೇ ಥರ, ಕಪ್ಪು ರೆಕ್ಕೆಗೆ ಬಿಳಿ ಚುಕ್ಕೆಯ ಸಾಲು. ಹೆಣ್ಣಿನಲ್ಲಿ ಮೂರು ಬಗೆ. ಒಂದು ಗಂಡಿನಂತೆಯೇ, ಇನ್ನೆರಡು ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಎಂಬ ಬೇರೆ ಚಿಟ್ಟೆಗಳಂತೆ. ಆ ರೋಸ್ ಚಿಟ್ಟೆಗಳು ಈಶ್ವರಿ ಬಳ್ಳಿಯನ್ನು ತಿಂದು ಬೆಳೆಯುತ್ತವೆ, ಮೈಯೆಲ್ಲ ವಿಷ, ಹಕ್ಕಿಗಳು ಮುಟ್ಟುವುದಿಲ್ಲ. ಹೇಗೆ ಗುರುತಿಸುವುದು? ರೋಸ್ ಚಿಟ್ಟೆಯ ಹೊಟ್ಟೆ ಕೆಂಪು, ಮಾರ್ಮನ್ನಿನದು ಕಪ್ಪು. ರೆಕ್ಕೆಯನ್ನು ಪೂರ್ತಿ ನಕಲು ಮಾಡಿ ಹೊಟ್ಟೆಗೆ ಬಣ್ಣ ಹಚ್ಚುವುದನ್ನೇ ಮರೆತಿದೆ. ಈ ಮೂರು ಬಗೆಯ ಹೆಣ್ಣಿನ ಹಿಂದೆ ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಇದೆ ಎಂದು 2014ರಲ್ಲಿ ತೋರಿಸಿದವರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಇದ್ದಾರೆ.

ಕಥೆಗೆ ಇದರಿಂದ ಸಿಗುವುದು ಸಂಖ್ಯೆಯ ಲೆಕ್ಕಾಚಾರ. ನಕಲಿಗಳು ಕಡಿಮೆ ಇದ್ದಷ್ಟು ಕಾಲ ನಡೆಯುತ್ತದೆ. ಜಾಸ್ತಿಯಾದರೆ ಹಕ್ಕಿಗಳಿಗೆ ರುಚಿ ಗೊತ್ತಾಗುತ್ತದೆ, ಆಮೇಲೆ ವಿಷದ ಚಿಟ್ಟೆಗೂ ಕಷ್ಟ. ಊರಿಗೆ ಒಂದೇ ಜೀವಿ ಬಂದರೆ ಏನೂ ಆಗದು, ಐವತ್ತು ಬಂದರೆ ಒಂದಕ್ಕೊಂದು ಶತ್ರುವಾಗುತ್ತವೆ. ದೊಡ್ಡ ಕಾದಂಬರಿಗೆ, ವೆಬ್ ಸೀರೀಸ್‌ಗೆ ಇದು ಒದಗುತ್ತದೆ.

ಮೂರನೆಯದು ಮಿಮಿಕ್ ಆಕ್ಟೋಪಸ್. ಇಂಡೋನೇಷ್ಯಾದ ಸುಲವೆಸಿ ಕಡಲಲ್ಲಿ 1998ರಲ್ಲಿ ಕಂಡದ್ದು, 2005ರಲ್ಲಿ ಅದಕ್ಕೆ ವಿಜ್ಞಾನದ ಹೆಸರು ಬಂತು. ಎಂಟು ತೋಳನ್ನು ಹಿಂದಕ್ಕೆ ಮಡಚಿ ಚಪ್ಪಟೆ ಮೀನಿನಂತೆ ಈಜುತ್ತದೆ. ಆರು ತೋಳನ್ನು ಬಿಲದೊಳಗೆ ತೂರಿಸಿ, ಉಳಿದ ಎರಡನ್ನು ಎರಡು ದಿಕ್ಕಿಗೆ ಚಾಚಿ ಪಟ್ಟೆಯ ಸಮುದ್ರಹಾವಾಗುತ್ತದೆ. ಇಷ್ಟೆಲ್ಲ ಯಾಕೆ? ಅದು ಬದುಕುವುದು ಬಯಲು ಮರಳಿನಲ್ಲಿ, ಬಂಡೆಯಿಲ್ಲ, ಹವಳವಿಲ್ಲ, ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಸಾಲದ್ದಕ್ಕೆ ಈ ಆಕ್ಟೋಪಸ್ಸಿನ ತೋಳಿನ ಪಟ್ಟೆಗಳ ನಡುವೆ ಅದೇ ಪಟ್ಟೆ ಇರುವ ಒಂದು ಪುಟ್ಟ ಮೀನು ಸೇರಿಕೊಂಡು ಈಜುವುದನ್ನು 2011ರಲ್ಲಿ ಕ್ಯಾಮೆರಾದಲ್ಲಿ ಹಿಡಿದರು. ನಕಲಿಯ ನಕಲಿ! ಚುರುಕಾದ, ಸಾಹಸದ, ಮಕ್ಕಳೂ ಓದಬಹುದಾದ ಕಥೆಗೆ ಇದು ಸರಿ. ಆಳವಾದ ದುಃಖದ ಕಥೆಗೆ ಇದು ಬಾರದು, ಅಷ್ಟೊಂದು ವೇಷ ಬದಲಿಸುವವರ ಮೇಲೆ ನಮಗೆ ಮನಸ್ಸು ನಿಲ್ಲುವುದಿಲ್ಲ.

ಆಟ ನಡೆಸುವವರಿಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಎರಡು ಸಿದ್ಧ ಜೀವಿಗಳಿವೆ. ಮಿಮಿಕ್ ಪೆಟ್ಟಿಗೆಯ, ಬಾಗಿಲಿನ ರೂಪ ತಾಳಿ, ಮುಟ್ಟಿದವರನ್ನು ಅಂಟಿಸಿಕೊಳ್ಳುತ್ತದೆ. ಅದು ಒಂದು ತಮಾಷೆ, ಒಂದು ಸಂಜೆಗೆ ಒಂದು ಸಲ ಸಾಕು. ಎರಡನೆಯ ಸಲ ಇಟ್ಟರೆ ಆಡುವವರು ಕುರ್ಚಿಗೂ ಕೋಲಿನಿಂದ ಚುಚ್ಚಿ ಕೂರುತ್ತಾರೆ, ಆಟ ಮುಂದೆ ಹೋಗುವುದಿಲ್ಲ. ಡಾಪಲ್‌ಗ್ಯಾಂಗರ್ ಮನುಷ್ಯರ ರೂಪ ತಾಳುತ್ತದೆ, ಎದುರಿನವರ ಮನಸ್ಸಿನಲ್ಲಿ ಓಡುವುದನ್ನೂ ಓದುತ್ತದೆ. ಇದನ್ನು ಮರೆತು "ನಮಗಿಬ್ಬರಿಗೇ ಗೊತ್ತಿರುವ ಗುಟ್ಟು ಹೇಳು" ಎಂದು ಪರೀಕ್ಷೆ ಮಾಡಿಸಬೇಡಿ, ಪ್ರಶ್ನೆ ಕೇಳುವಾಗಲೇ ಉತ್ತರ ಅದಕ್ಕೆ ಸಿಕ್ಕಿರುತ್ತದೆ. ಕೇಳುವವನಿಗೂ ಉತ್ತರ ಗೊತ್ತಿಲ್ಲದ ಪರೀಕ್ಷೆ ಬೇಕು. ಬೇರೊಬ್ಬರು ಬರೆದು ಮುಚ್ಚಿದ ಚೀಟಿ ತಂದು ಕೊಡಲಿ, ಆಡುವವರು ತಾವೇ ಇದನ್ನು ಕಂಡುಹಿಡಿದರೆ ಆ ಸಂಜೆ ಗೆದ್ದಿತು.

ಆರಿಸುವ ಮುನ್ನ

ಯಾವ ಬಗೆ ಹಿಡಿದರೂ ಬರೆಯುವ ಮೊದಲು ಒಂದು ಹಾಳೆಯಲ್ಲಿ ಸಣ್ಣಪುಟ್ಟ ನಿಯಮ ಬರೆದಿಟ್ಟುಕೊಳ್ಳಿ. ರೂಪ ಬದಲಾದಾಗ ಬಟ್ಟೆ ಏನಾಗುತ್ತದೆ? ಗಾಯವಾದರೆ ಎರಡೂ ರೂಪದಲ್ಲಿ ಉಳಿಯುತ್ತದೆಯೇ? ನೆನಪೂ ಬರುತ್ತದೋ, ಮುಖ ಮಾತ್ರವೋ? ನಿದ್ದೆ ಹೋದಾಗ ಯಾವ ರೂಪ? ಕಣ್ಣಾರೆ ನೋಡಿರಬೇಕೋ, ಫೋಟೋ ನೋಡಿದರೆ ಸಾಕೋ? ಕೊನೆಯ ಪ್ರಶ್ನೆಯನ್ನು ಈಗಿನ ಕಾಲದಲ್ಲಿ ಬಿಡುವ ಹಾಗಿಲ್ಲ. ವಾಟ್ಸಾಪ್ ವಾಯ್ಸ್ ಮೆಸೇಜ್ ಕೇಳಿ ದನಿ ಕಲಿಯುವ ಜೀವಿಗೆ ಹಟ್ಟಿಯ ಹೊರಗೆ ಕಾದು ಕೂರುವ ಕೆಲಸವಿಲ್ಲ, ಮನೆಯೊಳಗಿನ ಹೆಸರೂ ಅದಕ್ಕೆ ಸಿಕ್ಕಿಬಿಡುತ್ತದೆ. ಆಗ ಬೇರೆ ಐಬು ಹುಡುಕಬೇಕು.

ಮಕ್ಕಳಿಗೆ ಬರೆಯುವವರು ಜಪಾನಿನ ಕಥೆಗಳಲ್ಲಿ ಬರುವ, ನಾಯಿ ಜಾತಿಯ ಕಾಡುಪ್ರಾಣಿ ತನುಕಿಯನ್ನು ನೋಡಿ. ಚಹಾದ ಕೆಟಲ್ ಆಗಿ ವೇಷ ಹಾಕಿದ ಅದನ್ನು ಒಲೆಯ ಮೇಲಿಟ್ಟರು. ಬಿಸಿ ತಡೆಯಲಾಗದೆ ಬಾಲ, ತಲೆ, ಕಾಲು ಹೊರಬಂದವು, ನಡುಭಾಗ ಕೆಟಲ್ ಆಗಿಯೇ ಉಳಿಯಿತು. ಗುನ್ಮಾ ಪ್ರಾಂತದ ತತೆಬಯಾಶಿಯ ಮೊರಿಂಜಿ ದೇವಾಲಯದ ಜೊತೆ ಈ ಕಥೆ ಸೇರಿಕೊಂಡಿದೆ. ಇಲ್ಲವೇ ನಮ್ಮದೇ ಇರುವೆ ಜೇಡ ಇಡಿ. ಪ್ರತಿ ಪುಟದ ಚಿತ್ರದಲ್ಲೂ ಇರುವೆಗಳ ಸಾಲಿನ ನಡುವೆ ಎಲ್ಲೋ ಒಂದು ಜೇಡ ಬರೆಸಿ, ಅದನ್ನು ಮಾತಿನಲ್ಲಿ ಎಲ್ಲೂ ಹೇಳಬೇಡಿ. ಮಕ್ಕಳು ಕಾಲು ಎಣಿಸಿ ಹಿಡಿಯುತ್ತಾರೆ.